ಕಲ್ಲಿಗೆ ಇಳಿಯುವ ಮುನ್ನ: ಬಿ. ಸರೋಜಾದೇವಿಯವರ ಗೌರವಗಳ ಪಟ್ಟಿ ಕುರಿತು ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು, ಕರ್ನಾಟಕ ಸರ್ಕಾರ, ಹಾಗೂ
ಮಾನ್ಯ ಆಯುಕ್ತರು, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಬೆಂಗಳೂರು

ಮಾನ್ಯರೇ,

ಕೊಡಗಿನ ಒಂದು ಊರಿನಲ್ಲಿ ಹಿರಿಯ ನಟಿ ದಿವಂಗತ ಬಿ. ಸರೋಜಾದೇವಿಯವರ ನೆನಪಿಗೆ ಕಲ್ಲಿನ ಫಲಕವೊಂದು ಸಿದ್ಧವಾಗುತ್ತಿದೆ. ನಾಲ್ಕಡಿ ಎತ್ತರ, ಮೂರಡಿ ಅಗಲದ ಕಪ್ಪು ಗ್ರಾನೈಟ್. ಮೇಲೆ ಹೆಸರು, ನಡುವೆ ಭಾವಚಿತ್ರ, ಕೆಳಗೆ ಅವರಿಗೆ ಸಂದ ಪ್ರಶಸ್ತಿಗಳ ಪಟ್ಟಿ. ಕೆಲಸ ಹಿಡಿದವರ ಪ್ರೀತಿಯ ಬಗ್ಗೆ ನಮಗೆ ಅನುಮಾನವಿಲ್ಲ. ಚನ್ನಪಟ್ಟಣ ತಾಲ್ಲೂಕಿನ ದಶವಾರ ಮೂಲದ ಕಲಾವಿದೆಗೆ ಕಾವೇರಿ ಹುಟ್ಟುವ ನಾಡಿನಲ್ಲಿ ಕಲ್ಲು ನಿಲ್ಲುವುದು ಸಂತೋಷದ ವಿಷಯವೇ. ಆದರೆ ಕೆತ್ತನೆಗೆ ಕೊಟ್ಟಿರುವ ಪಟ್ಟಿ ನಮ್ಮ ಕಣ್ಣಿಗೆ ಬಿದ್ದಿದೆ. ಅದರಲ್ಲಿ ಐದು ಸಾಲು ತಪ್ಪು. ಆ ಐದರಲ್ಲಿ ಎರಡು ನಡೆದಿರಲು ಸಾಧ್ಯವೇ ಇಲ್ಲದ ಸಂಗತಿಗಳು. ಇರಲೇಬೇಕಾದ ಒಂದು ಗೌರವ ಪಟ್ಟಿಯಲ್ಲೇ ಇಲ್ಲ.

ಸಂಘಟಕರನ್ನು ಹಳಿಯಲು ಈ ಪತ್ರ ಬರೆಯುತ್ತಿಲ್ಲ, ಅವರ ಹೆಸರನ್ನೂ ಹೇಳುವುದಿಲ್ಲ. ಅವರು ಇದನ್ನು ಸ್ವಂತವಾಗಿ ಕಟ್ಟಿದ್ದಲ್ಲ. 2025ರ ಜುಲೈ 14ರಂದು ಸರೋಜಾದೇವಿಯವರು ತೀರಿಕೊಂಡ ವಾರದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಪಟ್ಟಿಯನ್ನು ಶ್ರದ್ಧಾಂಜಲಿ ಸಭೆಯ ಫ್ಲೆಕ್ಸಿಗೆ ಇಳಿಸಿದರು. ಫ್ಲೆಕ್ಸಿನಿಂದ ಅದೀಗ ಕಲ್ಲಿಗೆ ಇಳಿಯುತ್ತಿದೆ. ಸರಿಯಾದ ಪಟ್ಟಿಯನ್ನು ಎಲ್ಲಿಂದ ತರಬೇಕಿತ್ತು ಎಂದು ಅವರು ನಮ್ಮನ್ನೇ ಕೇಳಿದರು. ಒಂದೇ ಕಡೆ ಸಿಗುವ ಅಧಿಕೃತ ಪಟ್ಟಿ ಇಂಥದ್ದು ಎಂದು ತೋರಿಸಲು ನಮ್ಮಿಂದ ಆಗಲಿಲ್ಲ. ಆದ್ದರಿಂದ ತಮ್ಮ ಬಾಗಿಲಿಗೆ ಬಂದಿದ್ದೇವೆ.

ತಪ್ಪುಗಳನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಇವು ಈ ಒಂದು ಫಲಕದ ತಪ್ಪುಗಳಲ್ಲ. ಇದೇ ಸಾಲುಗಳನ್ನು ಸ್ಮರಣ ಸಂಚಿಕೆಗಳಲ್ಲಿ, ಶಾಲಾ ಭಾಷಣಗಳಲ್ಲಿ, ನಿರೂಪಕರ ಕೈಯ ಚೀಟಿಗಳಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೇವೆ.

ಮೊದಲನೆಯ ಸಾಲು: ‘1955: ಮಹಾಕವಿ ಕಾಳಿದಾಸ, ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ’. ಹೊನ್ನಪ್ಪ ಭಾಗವತರ್ ಅವರ ಆ ಚಿತ್ರ ಸರೋಜಾದೇವಿಯವರ ಮೊದಲ ಚಿತ್ರ ಎನ್ನುವುದು ಸರಿ. ಅದಕ್ಕೆ ರಾಷ್ಟ್ರಮಟ್ಟದ ಪುರಸ್ಕಾರ ಬಂದದ್ದೂ ಸರಿ. ಆದರೆ ಬಂದದ್ದು ಕನ್ನಡದ ಅತ್ಯುತ್ತಮ ಚಿತ್ರ ಎಂದು, ರಾಷ್ಟ್ರಪತಿಗಳ ಬೆಳ್ಳಿ ಪದಕ. ಅದು ಚಿತ್ರಕ್ಕೆ ಕೊಟ್ಟ ಪದಕ, ನಟಿಗೆ ಕೊಟ್ಟದ್ದಲ್ಲ. ಆಗ ನಟ ನಟಿಯರಿಗೆಂದು ರಾಷ್ಟ್ರಪ್ರಶಸ್ತಿಯೇ ಇರಲಿಲ್ಲ. 1953ರ ಚಿತ್ರಗಳಿಂದ ಶುರುವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅಭಿನಯದ ವಿಭಾಗ ಸೇರಿದ್ದು 1967ರ ಚಿತ್ರಗಳಿಗೆ, ಹದಿನೈದನೇ ಆವೃತ್ತಿಯಲ್ಲಿ. ‘ಊರ್ವಶಿ’ ಎಂಬ ಹೆಸರಿನ ಆ ಮೊದಲ ನಟಿ ಪ್ರಶಸ್ತಿ ನರ್ಗಿಸ್ ಅವರಿಗೆ ಹೋಯಿತು. ಕನ್ನಡ ಚಿತ್ರದ ಅಭಿನಯಕ್ಕೆ ಅದು ಬರಲು ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಅವರವರೆಗೆ, ಅಂದರೆ 1973ರವರೆಗೆ ಕಾಯಬೇಕಾಯಿತು.

ಎರಡನೆಯ ಸಾಲು ಇನ್ನೂ ಸ್ವಾರಸ್ಯ: ‘1961: ಕಿತ್ತೂರು ಚೆನ್ನಮ್ಮ, ಕರ್ನಾಟಕ ರಾಜ್ಯ ಪ್ರಶಸ್ತಿ, ಅತ್ಯುತ್ತಮ ನಟಿ’. 1961ರಲ್ಲಿ ‘ಕರ್ನಾಟಕ’ ಎಂಬ ಹೆಸರಿನ ರಾಜ್ಯವಿರಲಿಲ್ಲ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ರಾಜ್ಯ ಚಲನಚಿತ್ರ ಪ್ರಶಸ್ತಿಯೂ ಇರಲಿಲ್ಲ. ಅದು ಶುರುವಾದದ್ದು 1966-67ನೇ ಸಾಲಿನಿಂದ. ಹಾಗಾದರೆ ಈ ಸಾಲು ಹುಟ್ಟಿದ್ದು ಹೇಗೆ? ನಮ್ಮ ಊಹೆ ಇಷ್ಟು. ಇಂದು ರಾಷ್ಟ್ರಪ್ರಶಸ್ತಿ ಎನ್ನುವುದನ್ನು ಆ ದಿನಗಳಲ್ಲಿ ಕೇಂದ್ರ ಸರ್ಕಾರವೇ ‘ಸ್ಟೇಟ್ ಅವಾರ್ಡ್ಸ್ ಫಾರ್ ಫಿಲ್ಮ್ಸ್’ ಎಂದು ಕರೆಯುತ್ತಿತ್ತು. ಅಲ್ಲಿ ‘ಸ್ಟೇಟ್’ ಎಂದರೆ ಪ್ರಭುತ್ವ, ಭಾರತ ಸರ್ಕಾರ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ಕ್ಕೆ ಆ ವರ್ಷ ಕನ್ನಡದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಆ ಹೆಸರಿನಡಿಯಲ್ಲೇ ಬಂತು. ಯಾರೋ ಒಬ್ಬರು ಹಳೆಯ ಇಂಗ್ಲಿಷ್ ಬರಹದ ‘ಸ್ಟೇಟ್’ ಅನ್ನು ‘ರಾಜ್ಯ’ ಮಾಡಿದರು, ಇನ್ನೊಬ್ಬರು ಅದರ ಹಿಂದೆ ‘ಕರ್ನಾಟಕ’ ಸೇರಿಸಿದರು, ಮೂರನೆಯವರು ಚಿತ್ರದ ಪ್ರಶಸ್ತಿಯನ್ನು ನಾಯಕಿಯ ಕೊರಳಿಗೆ ಹಾಕಿದರು. ಹೀಗೆ ಮೂರು ಕೈ ದಾಟಿದ ತಪ್ಪು ಈಗ ಗ್ರಾನೈಟಿನ ಮೇಲೆ ಕೂರಲಿದೆ.

ಮೂರನೆಯದು: ‘ಪದ್ಮಭೂಷಣ ಬಿ. ಸರೋಜಾದೇವಿ ರಾಷ್ಟ್ರೀಯ ಪ್ರಶಸ್ತಿ ಪುರಸ್ಕೃತರು’. ಅದು ಭಾರತೀಯ ವಿದ್ಯಾಭವನದಲ್ಲಿ ಅವರ ಹೆಸರಿನಲ್ಲಿ ಸ್ಥಾಪನೆಯಾಗಿ ಬೇರೆ ಕಲಾವಿದರಿಗೆ ಸಲ್ಲುತ್ತಾ ಬಂದ ಪ್ರಶಸ್ತಿ. ತಮ್ಮ ಹೆಸರಿನ ಪ್ರಶಸ್ತಿಯನ್ನು ಅವರೇ ಪಡೆದರು ಎಂದು ಕೆತ್ತಿದರೆ ನೋಡಿದವರು ನಗುತ್ತಾರೆ. ನಗುವುದು ನಮ್ಮನ್ನು ನೋಡಿ, ಅವರನ್ನಲ್ಲ ಎನ್ನುವುದೊಂದೇ ಸಮಾಧಾನ. ಅವರ ನಿಧನಾನಂತರ ರಾಜ್ಯ ಸರ್ಕಾರವೂ ‘ಅಭಿನಯ ಸರಸ್ವತಿ’ ಬಿ. ಸರೋಜಾದೇವಿ ಹೆಸರಿನಲ್ಲಿ ಪ್ರಶಸ್ತಿ ಘೋಷಿಸಿರುವುದರಿಂದ ಈ ಗೊಂದಲ ಇನ್ನೂ ಹೆಚ್ಚುವುದು ಖಚಿತ.

ನಾಲ್ಕನೆಯದು: ‘2005: ರಾಷ್ಟ್ರಪ್ರಶಸ್ತಿ’ ಎಂದಷ್ಟೇ ಇದೆ. ಅವರು 45ನೇ ಮತ್ತು 53ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷರಾಗಿದ್ದರು. 53ನೆಯದು 2005ರ ಚಿತ್ರಗಳದ್ದು. ಪ್ರಶಸ್ತಿ ಪಡೆದವರ ಪಟ್ಟಿಯಲ್ಲಿ ಅಲ್ಲ, ಪ್ರಶಸ್ತಿ ಯಾರಿಗೆಂದು ತೀರ್ಮಾನಿಸಿದವರ ಪಟ್ಟಿಯಲ್ಲಿ ಅವರ ಹೆಸರಿದೆ. ನಮ್ಮ ಅಭಿಪ್ರಾಯ ಕೇಳಿದರೆ ಇದು ಹೆಚ್ಚಿನ ಗೌರವ. ಅದನ್ನು ‘ರಾಷ್ಟ್ರಪ್ರಶಸ್ತಿ’ ಎಂದು ಬರೆದು ಇಲ್ಲದ್ದನ್ನು ಸೇರಿಸಿದ್ದೂ ಆಯಿತು, ಇದ್ದದ್ದನ್ನು ಅಳಿಸಿದ್ದೂ ಆಯಿತು.

ಐದನೆಯದು ‘ಅಭಿನಯ ಸರಸ್ವತಿ ಪ್ರಶಸ್ತಿ’. ಅದು ಬಿರುದು. ತಮಿಳರು ಅವರನ್ನು ‘ಕನ್ನಡತ್ತು ಪೈಂಗಿಳಿ’ ಎಂದು ಕರೆದ ಹಾಗೆ, ಜನರ ಬಾಯಲ್ಲಿ ನಿಂತದ್ದು. ಬಿರುದಿಗೆ ಹೆಸರಿನ ಪಕ್ಕದಲ್ಲಿ ಜಾಗ, ಪ್ರಶಸ್ತಿಯ ಸಾಲಿನಲ್ಲಿ ಅಲ್ಲ.

ಇದರ ತದ್ವಿರುದ್ಧ ತಪ್ಪು ಹೆಸರಿನ ಸಾಲಿನಲ್ಲೇ ಇದೆ. ದಪ್ಪ ಅಕ್ಷರದಲ್ಲಿ ‘ಪದ್ಮಭೂಷಣ ಬಿ. ಸರೋಜಾದೇವಿ’ ಎಂದು ಕೆತ್ತುವ ಯೋಜನೆ. ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರ ಡಿಸೆಂಬರಿನಲ್ಲೇ ತೀರ್ಪು ಕೊಟ್ಟಿದೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿರುವಾಗ ಈ ಪ್ರಶಸ್ತಿಗಳು ಉಳಿದುಕೊಂಡಿರುವುದೇ ಅವು ಬಿರುದಲ್ಲ ಎಂಬ ಆಧಾರದ ಮೇಲೆ. ಆಮಂತ್ರಣ ಪತ್ರಿಕೆಗಳಲ್ಲಿ ಈ ನಿಯಮ ದಿನವೂ ಮುರಿಯುತ್ತದೆ, ಸರ್ಕಾರಿ ಕಾರ್ಯಕ್ರಮಗಳ ಪತ್ರಿಕೆಗಳೂ ಇದಕ್ಕೆ ಹೊರತಲ್ಲ. ಬರೆಯುವ ಸರಿಯಾದ ಕ್ರಮ ಸುಲಭವಿದೆ: ಮೇಲೆ ಬರೀ ಹೆಸರು, ಕೆಳಗೆ ‘ಪದ್ಮಶ್ರೀ, 1969’, ಅದರ ಕೆಳಗೆ ‘ಪದ್ಮಭೂಷಣ, 1992’.

ಈ ಎರಡು ಇಸವಿಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಅವೇ ಒಂದು ಕತೆ ಹೇಳುತ್ತವೆ. ನಡುವೆ ಇಪ್ಪತ್ತಮೂರು ವರ್ಷ. ಒಮ್ಮೆ ಪದ್ಮ ಪ್ರಶಸ್ತಿ ಪಡೆದವರಿಗೆ ಅದರ ಮೇಲಿನದನ್ನು ಕೊಡಲು ಸಾಮಾನ್ಯವಾಗಿ ಐದು ವರ್ಷದ ಅಂತರವಿದ್ದರೆ ಸಾಕು. ಅವರಿಗೆ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಹಿಡಿಯಿತು. 1992 ತಪ್ಪಿದ್ದರೆ ಇನ್ನೂ ತಡವಾಗುತ್ತಿತ್ತು. 1993ರಿಂದ 1997ರವರೆಗೆ ಪದ್ಮ ಪ್ರಶಸ್ತಿಗಳನ್ನು ಯಾರಿಗೂ ಕೊಡಲೇ ಇಲ್ಲ.

ಕೊಡಗಿನವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಇಲ್ಲಿನ ಐನ್‌ಮನೆಗಳ, ಅಂದರೆ ಕುಟುಂಬದ ಮೂಲಮನೆಗಳ, ಗೋಡೆಯ ಮೇಲೆ ಸೈನ್ಯದ ಪದಕಗಳು ತೂಗುತ್ತವೆ. ಮಹಾವೀರ ಚಕ್ರವನ್ನು ವೀರ ಚಕ್ರ ಎಂದೋ, ಅತಿ ವಿಶಿಷ್ಟ ಸೇವಾ ಪದಕವನ್ನು ಪರಮ ವಿಶಿಷ್ಟ ಎಂದೋ ಬರೆದ ಫಲಕವನ್ನು ನಮ್ಮ ಯಾವ ಊರಲ್ಲಾದರೂ ನಿಲ್ಲಿಸಿ ನೋಡಿ, ಸಂಜೆಯೊಳಗೆ ಯಾರಾದರೂ ನಿವೃತ್ತ ಸುಬೇದಾರರು ಬಂದು ಕೆಳಗಿಳಿಸುತ್ತಾರೆ. ಮಡಿಕೇರಿಯ ಸನ್ನಿಸೈಡ್‌ನಲ್ಲಿ ಜನರಲ್ ತಿಮ್ಮಯ್ಯನವರ ಮ್ಯೂಸಿಯಂ ಇದೆ. ಅವರಿಗೆ 1954ರಲ್ಲಿ ಸಂದದ್ದೂ ಪದ್ಮಭೂಷಣವೇ. ಸೈನಿಕನ ಎದೆಯ ಮೇಲಿನ ರಿಬ್ಬನ್ನಿನ ಕ್ರಮಕ್ಕೆ ಇರುವ ಶಿಸ್ತು ನಟಿಯ ಗೌರವದ ಸಾಲಿಗೆ ಏಕೆ ಬೇಡ? ‘ಸಿನಿಮಾದವರದಲ್ಲವೇ, ನಾಲ್ಕು ಹೆಚ್ಚು ಬರೆದರೆ ಏನಾಯಿತು’ ಎಂಬ ಮಾತನ್ನು ನಾವು ಕೇಳಿಸಿಕೊಂಡಿದ್ದೇವೆ. ಅಗೌರವ ಶುರುವಾಗುವುದೇ ಅಲ್ಲಿಂದ.

ಮಾನ್ಯರೇ, ಇಲ್ಲದ ಪ್ರಶಸ್ತಿ ಸೇರಿಸಿದಾಗ ಆಗುವ ನಿಜವಾದ ನಷ್ಟ ಬೇರೆಯೇ ಇದೆ. ಸರೋಜಾದೇವಿಯವರು ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕರಲ್ಲೂ ನಾಯಕಿಯಾಗಿ ಉತ್ತುಂಗದಲ್ಲಿದ್ದದ್ದು ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕದ ನಡುವಿನವರೆಗೆ. ಆ ಕಾಲದಲ್ಲಿ ರಾಷ್ಟ್ರಮಟ್ಟದಲ್ಲಿ ನಟಿಗೆ ಸರ್ಕಾರಿ ಪ್ರಶಸ್ತಿಯಿಲ್ಲ, ನಮ್ಮ ರಾಜ್ಯದಲ್ಲಿ ಸರ್ಕಾರಿ ಚಲನಚಿತ್ರ ಪ್ರಶಸ್ತಿಯೇ ಇಲ್ಲ. ‘ಕಿತ್ತೂರು ಚೆನ್ನಮ್ಮ’ದಂಥ ಪಾತ್ರಕ್ಕೆ ಸರ್ಕಾರ ಕೊಡಬಹುದಾಗಿದ್ದ ನಟಿ ಪ್ರಶಸ್ತಿ ಎಂಬುದೊಂದು ಇರಲೇ ಇಲ್ಲ. ಪಟ್ಟಿಯಲ್ಲಿ ಆ ಜಾಗ ಖಾಲಿ ಇರುವುದು ಅವರ ಕೊರತೆಯಲ್ಲ, ವ್ಯವಸ್ಥೆಯದು. ನಾವು ಅದನ್ನು ಸುಳ್ಳು ಸಾಲಿನಿಂದ ತುಂಬಿಸಿದರೆ ವ್ಯವಸ್ಥೆ ತಪ್ಪಿಸಿಕೊಳ್ಳುತ್ತದೆ.

ಬಿಟ್ಟುಹೋಗಿರುವ ಗೌರವ ಕರ್ನಾಟಕ ರತ್ನ. ಪಟ್ಟಿ ಜುಲೈನದ್ದು, ಸಚಿವ ಸಂಪುಟ ಮರಣೋತ್ತರವಾಗಿ ಈ ಗೌರವ ನೀಡಲು ತೀರ್ಮಾನಿಸಿದ್ದು ಸೆಪ್ಟೆಂಬರ್ 11ರಂದು, ಹಾಗಾಗಿ ತಪ್ಪಿಹೋಗಿದೆ. ಸೇರಿಸುವುದು ಸುಲಭ. ಆದರೆ ಸೇರಿಸುವಾಗ ಒಂದು ಲೆಕ್ಕ ಎದುರು ನಿಲ್ಲುತ್ತದೆ. 1992ರಲ್ಲಿ ಕುವೆಂಪು ಮತ್ತು ಡಾ. ರಾಜ್‌ಕುಮಾರ್ ಅವರಿಂದ ಶುರುವಾದ ಈ ಗೌರವ ಮಹಿಳೆಯೊಬ್ಬರಿಗೆ ಸಂದದ್ದು ಇದೇ ಮೊದಲು. ಅದೂ ಅವರು 87ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದ ಸುಮಾರು ಎರಡು ತಿಂಗಳ ನಂತರ. ಚಿತ್ರರಂಗದ ನಾಲ್ವರಿಗೆ ಕರ್ನಾಟಕ ರತ್ನ ಬಂದಿದೆ: ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್, ವಿಷ್ಣುವರ್ಧನ್, ಸರೋಜಾದೇವಿ. ಇವರಲ್ಲಿ ಬದುಕಿದ್ದಾಗ ಪಡೆದವರು ರಾಜ್‌ಕುಮಾರ್ ಒಬ್ಬರೇ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಪುನೀತ್ ಅವರ ಸಾವು ಅಕಾಲಿಕ, ಅಲ್ಲಿ ಯಾರನ್ನೂ ದೂರುವಂತಿಲ್ಲ. ಆದರೆ ಎಂಬತ್ತೇಳು ವರ್ಷ ಬಾಳಿದ, 1969ರಲ್ಲೇ ಪದ್ಮಶ್ರೀ ಪಡೆದಿದ್ದ ಕಲಾವಿದೆಯ ವಿಷಯದಲ್ಲಿ ಸಮಯ ಸಾಲಲಿಲ್ಲ ಎಂದು ಯಾರೂ ಹೇಳಲಾರರು. ಜಯಂತಿ 2021ರಲ್ಲಿ, ಲೀಲಾವತಿ 2023ರಲ್ಲಿ ಹೊರಟುಹೋದರು.

ಇದು ಹಳೆಯ ತಲೆಮಾರಿಗೆ ಮಾತ್ರ ಆದ ವಿಳಂಬವೂ ಅಲ್ಲ. 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ, 2021ರವು ಅದೇ ವರ್ಷದ ಅಕ್ಟೋಬರಿನಲ್ಲಿ. ಇಷ್ಟು ತಡವಾದಾಗ ಪಟ್ಟಿಗಳಲ್ಲಿ ಇಸವಿ ಕಲಸಿಹೋಗುವುದು ಸಹಜ. ಒಂದೇ ಪ್ರಶಸ್ತಿಗೆ ಮೂರು ಇಸವಿ ಇರುತ್ತವೆ: ಚಿತ್ರ ತೆರೆಕಂಡದ್ದು, ಪ್ರಶಸ್ತಿಯ ಸಾಲು, ಪ್ರದಾನವಾದದ್ದು. ನಮ್ಮ ಜಿಲ್ಲೆಯ ಪ್ರೇಮಾ ಅವರಿಗೆ ‘ಓಂ’ ಚಿತ್ರಕ್ಕೆ ಬಂದ ರಾಜ್ಯ ಪ್ರಶಸ್ತಿ 1995-96ನೇ ಸಾಲಿನದು. ಒಬ್ಬರು 1995 ಎಂದು, ಇನ್ನೊಬ್ಬರು 1996 ಎಂದು ಬರೆಯುತ್ತಾರೆ, ಮೂರನೆಯವರು ಎರಡನ್ನೂ ನೋಡಿ ಎರಡು ಪ್ರಶಸ್ತಿ ಎಂದು ಎಣಿಸುತ್ತಾರೆ. ಅಡ್ಡಗೆರೆ ಇರುವ ಸಾಲನ್ನು ಅಡ್ಡಗೆರೆಯೊಂದಿಗೇ ಬರೆಯಬೇಕು.

ಇನ್ನು ಕಲ್ಲಿನ ವಿಷಯ. ಫ್ಲೆಕ್ಸಿನ ತಪ್ಪು ಒಂದು ಮಳೆಗಾಲಕ್ಕೆ ಹರಿದುಹೋಗುತ್ತದೆ. ಕಲ್ಲಿನದು ಹಾಗಲ್ಲ. ಈಗ ಉಳಿ ಸುತ್ತಿಗೆಯ ಕೆಲಸ ಕಡಿಮೆಯಾಗಿದೆ. ಅಕ್ಷರ ಕತ್ತರಿಸಿದ ಸ್ಟಿಕರನ್ನು ಕಲ್ಲಿಗೆ ಅಂಟಿಸಿ, ಮೇಲಿಂದ ಮರಳನ್ನು ರಭಸವಾಗಿ ಚಿಮ್ಮಿಸಿ ಕೊರೆಯುತ್ತಾರೆ. ಸ್ಟಿಕರ್ ಅಂಟಿಸುವ ಮುಂಚೆ ತಪ್ಪು ಸಿಕ್ಕಿದರೆ ಐದು ನಿಮಿಷದ ಕೆಲಸ. ಕೊರೆದ ಮೇಲೆ ಸಿಕ್ಕಿದರೆ ಇಡೀ ಮುಖವನ್ನು ಅಕ್ಷರದ ಆಳದವರೆಗೆ ಉಜ್ಜಿ ಮತ್ತೆ ಪಾಲಿಶ್ ಮಾಡಬೇಕು, ಇಲ್ಲವೇ ಹೊಸ ಕಲ್ಲು ತರಬೇಕು. ತಪ್ಪಿನ ಮೇಲೆ ತುಂಡು ಕಲ್ಲು ಅಂಟಿಸುವ ಉಪಾಯ ಕೊಡಗಿನಲ್ಲಿ ನಡೆಯುವುದಿಲ್ಲ. ಸಂದಿನಲ್ಲಿ ನೀರು ನಿಂತು ಎರಡು ಮಳೆಗಾಲದೊಳಗೆ ಬಿಟ್ಟುಕೊಳ್ಳುತ್ತದೆ.

ತಪ್ಪು ನುಸುಳುವ ಇನ್ನೊಂದು ಜಾಗ ಡಿಟಿಪಿ ಅಂಗಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದುಂಟು. ‘ಕರ್ನಾಟಕ’ದ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತದ್ದನ್ನು ಪರದೆಯ ಮೇಲೆ ಯಾರೂ ಗಮನಿಸುವುದಿಲ್ಲ. ಕೆತ್ತುವ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ಗೋಡೆಗೆ ಅಂಟಿಸಿ, ಟೈಪ್ ಮಾಡದ ಇಬ್ಬರು ಗಟ್ಟಿಯಾಗಿ ಓದಬೇಕು. ಒಬ್ಬರು ಅಕ್ಷರಗಳನ್ನು, ಇನ್ನೊಬ್ಬರು ಇಸವಿಗಳನ್ನು ಮಾತ್ರ. ಅಕ್ಷರದ ಗಾತ್ರದ ಬಗ್ಗೆಯೂ ಒಂದು ಮಾತು. ‘ಪ್ರಶಸ್ತಿ’ ಎಂಬ ಪದದಲ್ಲೇ ಎರಡು ಒತ್ತುಗಳಿವೆ. ಮೂಲ ಅಕ್ಷರ ಮುಕ್ಕಾಲು ಇಂಚಿಗಿಂತ ಸಣ್ಣದಾದರೆ ಕೆಳಗಿನ ಒತ್ತು ಬರೀ ಗೀರಾಗುತ್ತದೆ, ಅದರಲ್ಲಿ ಪಾಚಿ ಕೂತ ಮೇಲೆ ಓದಲು ಬರುವುದಿಲ್ಲ. ಹದಿನಾಲ್ಕು ಸಾಲು ತುರುಕುವ ಬದಲು ಖಚಿತವಾದ ಏಳೆಂಟು ಸಾಲುಗಳನ್ನು ದೊಡ್ಡದಾಗಿ ಕೆತ್ತುವುದು ಎಲ್ಲ ರೀತಿಯಲ್ಲೂ ಮೇಲು.

ಫೋಟೋ ಪ್ರದರ್ಶನ ಮಾಡುವವರಿಗೂ ಹೇಳುವುದಿದೆ. ಜುಲೈ ತಿಂಗಳ ಶ್ರದ್ಧಾಂಜಲಿ ಸಭೆಯಲ್ಲಿ ಸಂಗ್ರಾಹಕರಿಂದ ಎರವಲು ತಂದ ಹಳೆಯ ಸ್ಟಿಲ್‌ಗಳನ್ನು ಥರ್ಮೊಕೋಲ್ ಹಾಳೆಗೆ ಗೋಂದು ಹಚ್ಚಿ ಅಂಟಿಸಿದ್ದರು. ಹೊರಗೆ ಕಕ್ಕಡ ಮಾಸದ ಹೊಸ್ತಿಲ ಮಳೆ, ಒಳಗೆ ಮುಚ್ಚಿದ ಕಿಟಕಿಗಳು. ಮೂರನೇ ದಿನಕ್ಕೆ ಅಂಚುಗಳಲ್ಲಿ ಬೂಷ್ಟು. ಬಿಡಿಸಲು ಹೋದಾಗ ಒಂದು ಚಿತ್ರದ ಮೇಲ್ಪದರವೇ ಎದ್ದು ಬಂತು. ಇನ್ನೊಂದು ಚಿತ್ರದಲ್ಲಿದ್ದವರು ತಮಿಳಿನ ಇ.ವಿ. ಸರೋಜಾ. ಹೆಸರಿನ ಮುಂದಿನ ಒಂದು ಅಕ್ಷರ ನೋಡದಿದ್ದರೆ ಹೀಗಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಮೂಲ ಪ್ರತಿ ಹೊರಗೆ ತೆಗೆಯಲೇಬಾರದು. ಸ್ಕ್ಯಾನ್ ಮಾಡಿದ ನಕಲು ಸಾಕು. ಮೂಲ ಚಿತ್ರವನ್ನೂ ಪ್ರಶಸ್ತಿಪತ್ರವನ್ನೂ ಲ್ಯಾಮಿನೇಟ್ ಮಾಡಿಸಬಾರದು, ಒಳಗೆ ಸೇರಿದ ತೇವ ಮತ್ತೆ ಹೊರಬರುವುದಿಲ್ಲ. ಪದಕಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವುದಂತೂ ಬೇಡವೇ ಬೇಡ. ಚಿನ್ನದ ಲೇಪ ತೆಳುವಾಗಿರುತ್ತದೆ, ಎರಡು ಸಲ ತಿಕ್ಕಿದರೆ ಕೆಳಗಿನ ಲೋಹ ಕಾಣುತ್ತದೆ.

ಈಗ ನಮ್ಮ ಕೋರಿಕೆ. ಚಲನಚಿತ್ರ ಕಲಾವಿದರಿಗೆ ಸಂದ ಸರ್ಕಾರಿ ಗೌರವಗಳ ಒಂದು ಅಧಿಕೃತ ದಾಖಲೆಯನ್ನು ಕನ್ನಡದಲ್ಲಿ ಪ್ರಕಟಿಸಿ. ಅದರಲ್ಲಿ ಪ್ರಶಸ್ತಿಯ ಪೂರ್ಣ ಹೆಸರು, ಕೊಟ್ಟವರು, ಯಾವ ಸಾಲಿನದು, ಯಾವ ದಿನ ಪ್ರದಾನವಾಯಿತು, ಒಂದು ಚಿತ್ರಕ್ಕೆ ಬಂದದ್ದಾದರೆ ಆ ಚಿತ್ರದ ಹೆಸರು, ಆದೇಶದ ಸಂಖ್ಯೆ ಇಷ್ಟಿರಲಿ. ಚಿತ್ರಕ್ಕೆ ಬಂದದ್ದು, ವ್ಯಕ್ತಿಗೆ ಬಂದದ್ದು, ವ್ಯಕ್ತಿಯ ಹೆಸರಿನಲ್ಲಿ ಸ್ಥಾಪಿತವಾದದ್ದು, ಗೌರವ ಡಾಕ್ಟರೇಟ್, ತೀರ್ಪುಗಾರರ ಮಂಡಳಿಯ ಅಧ್ಯಕ್ಷತೆ ಇವೆಲ್ಲ ಬೇರೆ ಬೇರೆ ಅಂಕಣದಲ್ಲಿ ಇರಲಿ. ಸರೋಜಾದೇವಿಯವರಿಗೆ 2006ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಕೊಟ್ಟ ಗೌರವ ಡಾಕ್ಟರೇಟನ್ನು ಚಲನಚಿತ್ರ ಪ್ರಶಸ್ತಿಗಳ ಸಾಲಿನಲ್ಲಿ ಸೇರಿಸುವ ಅಭ್ಯಾಸ ಅಲ್ಲಿಗೆ ನಿಲ್ಲುತ್ತದೆ. 1966-67ರಿಂದ ಈಚೆಗಿನ ರಾಜ್ಯ ಪ್ರಶಸ್ತಿಗಳ ಆದೇಶಗಳು ಸರ್ಕಾರದವೇ ಆದ್ದರಿಂದ ಇದಕ್ಕೆ ಹೊಸ ಸಂಶೋಧನೆ ಬೇಕಾಗಿಲ್ಲ, ಒಬ್ಬಿಬ್ಬರು ಕೂತು ಕಡತ ಬಿಚ್ಚಿದರೆ ಸಾಕು.

ಸಾರ್ವಜನಿಕ ಸ್ಥಳದಲ್ಲಿ ಕಲಾವಿದರ ಶಾಶ್ವತ ಫಲಕ ನಿಲ್ಲಿಸಲು ಅನುಮತಿ ಕೊಡುವಾಗ ಈ ದಾಖಲೆಯೊಂದಿಗೆ ತಾಳೆ ನೋಡಿದ ಒಂದು ಪುಟವನ್ನು ಅರ್ಜಿಗೆ ಲಗತ್ತಿಸುವಂತೆ ಜಿಲ್ಲೆಗಳಿಗೆ ಸೂಚಿಸಿ. ಪದ್ಮ ಪ್ರಶಸ್ತಿಗಳನ್ನು ಹೆಸರಿಗೆ ಅಂಟಿಸಬಾರದು ಎಂಬ ಸೂಚನೆಯನ್ನು ಮೊದಲು ಸರ್ಕಾರಿ ಆಮಂತ್ರಣ ಪತ್ರಿಕೆಗಳಿಂದಲೇ ಜಾರಿಗೆ ತನ್ನಿ.

ಕರ್ನಾಟಕ ರತ್ನದ ಬಗ್ಗೆಯೂ ಪದ್ಮ ಪ್ರಶಸ್ತಿಗಳ ಬಗ್ಗೆಯೂ ಒಂದೇ ಬೇಡಿಕೆ: ಎಂಬತ್ತು ದಾಟಿದ, ದಾಟುತ್ತಿರುವ ಕಲಾವಿದೆಯರ ಹೆಸರುಗಳನ್ನು ಈಗಲೇ ಪರಿಶೀಲಿಸಿ. ಪದ್ಮ ನಾಮನಿರ್ದೇಶನವನ್ನು ಕೇಂದ್ರದ ಜಾಲತಾಣದಲ್ಲಿ ಯಾರು ಬೇಕಾದರೂ ಸಲ್ಲಿಸಬಹುದು. ಸಾಧನೆಯ ವಿವರ 800 ಪದ ಮೀರಬಾರದು, ಅಷ್ಟೇ. ಆ 800 ಪದಗಳನ್ನು ಸರಿಯಾಗಿ ಬರೆಯುವವರು ಇಲ್ಲದೆ ಎಷ್ಟೋ ಹೆಸರುಗಳು ಹಿಂದೆ ಬೀಳುತ್ತವೆ. ಬೇಕೆಂದರೆ ನಾವೇ ಕರಡು ಬರೆದುಕೊಡುತ್ತೇವೆ. ಮರಣೋತ್ತರವಾಗಿ ಪದ್ಮ ಪ್ರಶಸ್ತಿ ಕೊಡುವುದು ಅಪರೂಪವಾದ್ದರಿಂದ ಅಲ್ಲಿ ತಡಮಾಡಿದರೆ ತಪ್ಪಿದ ಹಾಗೇ.

ಸಂಘಟಕರು ನಮ್ಮ ಮಾತಿಗೆ ಬೆಲೆಕೊಟ್ಟು ಕೆತ್ತನೆಯನ್ನು ತಡೆಹಿಡಿದಿದ್ದಾರೆ. ಪಾಲಿಶ್ ಆದ ಕಲ್ಲು ಕೆಲಸದ ಶೆಡ್ಡಿನ ಗೋಡೆಗೆ ಒರಗಿ ನಿಂತಿದೆ, ಮೇಲೆ ಹೆಸರಿನ ಒಂದು ಸಾಲು ಮಾತ್ರ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಬೇಸಿಗೆ ಮುಗಿಯುವುದರೊಳಗೆ ಅಡಿಪಾಯಕ್ಕೆ ಸಿಮೆಂಟ್ ಬೀಳದಿದ್ದರೆ ಮುಂಗಾರು ಹಿಡಿದ ಮೇಲೆ ನಾಲ್ಕು ತಿಂಗಳು ಕೆಲಸ ಸಾಗುವುದಿಲ್ಲ. ಇಲಾಖೆಯ ಮುದ್ರೆಯುಳ್ಳ ಒಂದು ಪುಟದ ಪಟ್ಟಿಯನ್ನು ಅದಕ್ಕೆ ಮೊದಲು ಕಳುಹಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಡಿಕೇರಿ, ವಿರಾಜಪೇಟೆ ಮತ್ತು ಕುಶಾಲನಗರದ ಹಳೆಯ ಕನ್ನಡ ಚಿತ್ರಗಳ ಆಸಕ್ತರು